ಅಪ್ಪ-ಅಮ್ಮನ ಜೊತೆ ಟೊಕಾಯ್‌ಗೆ ಹೋಗಬಹುದಾ? ಕುಡಿಯದವರಿಗೆ ಹಂಗೇರಿಯ ವೈನ್ ಊರಿನಲ್ಲಿ ಏನಿದೆ?

ಸಾಗರದ_ಮಗಳು

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗಂಡ ವಿಯೆನ್ನಾದಲ್ಲಿದ್ದೇವೆ. ಅಕ್ಟೋಬರ್ ಮಧ್ಯದಲ್ಲಿ ಅಪ್ಪ-ಅಮ್ಮ ಊರಿಂದ ಬರುತ್ತಿದ್ದಾರೆ. ಬುಡಾಪೆಸ್ಟ್ ಎರಡು ದಿನ ಅಂತ ಆಗಲೇ ತೀರ್ಮಾನವಾಗಿದೆ. ಅದಾದ ಮೇಲೆ ಮೂರು ದಿನ ಖಾಲಿ ಇದೆ, ಮತ್ತೆ ಇನ್ನೊಂದು ದೊಡ್ಡ ಪೇಟೆ ಬೇಡ, ಹಳ್ಳಿ ಕಡೆ ಹೋಗೋಣ ಅಂತ ನನ್ನ ಆಸೆ. ನನಗೆ ಟೊಕಾಯ್ ನೋಡಬೇಕು ಅಂತ ವರ್ಷಗಳಿಂದ ಇದೆ. ಇಲ್ಲಿ ಆಫೀಸಿನಲ್ಲಿ ಯಾರೋ ಒಂದು ಸಲ ಆ ಸಿಹಿ ವೈನ್ ಕೊಟ್ಟಿದ್ದರು, ಅವತ್ತಿನಿಂದ ತಲೆಯಲ್ಲಿ ಕೂತಿದೆ.

ಈಗ ಸಮಸ್ಯೆ ಕೇಳಿ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಜೀವನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಅಮ್ಮ ಪಕ್ಕಾ ಸಸ್ಯಾಹಾರಿ. ಕೇಕ್‌ನಲ್ಲಿ ಮೊಟ್ಟೆ ಇದ್ದರೆ ಕೇಳದೆ ಸುಮ್ಮನಿರುತ್ತಾರೆ, ಅಷ್ಟೇ ಸಡಿಲ. ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಪ್ಲಾನ್ ಹೇಳಿದೆ. "ಹೆಂಡದ ಅಂಗಡಿ ನೋಡುವುದಕ್ಕೆ ಅಷ್ಟು ದೂರ ವಿಮಾನ ಹತ್ತಿ ಬರಬೇಕಾ? ತೀರ್ಥಹಳ್ಳಿ ಬಸ್‌ಸ್ಟ್ಯಾಂಡ್ ಪಕ್ಕ ಇಲ್ವಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಹೋಗಿ ಬಂದವರು ಹೇಳಿ. ಟೊಕಾಯ್ ಒಳ್ಳೆಯದಾ, ಇನ್ನೊಂದು ವೈನ್ ಊರು ಎಗರ್ ಒಳ್ಳೆಯದಾ? ಕುಡಿಯದವರು ಮೂರು ದಿನ ಅಲ್ಲಿ ಏನು ಮಾಡುತ್ತಾರೆ? ಕಾರಾ, ಟ್ರೇನಾ? ಅಮ್ಮನಿಗೆ ಊಟ ಸಿಗುತ್ತದಾ? ಅಮ್ಮನಿಗೆ ಮಂಡಿ ನೋವು ಬೇರೆ ಇದೆ, ಜಾಸ್ತಿ ಮೆಟ್ಟಿಲು ಆಗುವುದಿಲ್ಲ.

ದಂಡೆ_ಮೇಲಿನವನು

ಆರು ವರ್ಷ ಬುಡಾಪೆಸ್ಟ್‌ನಲ್ಲಿದ್ದೆ, ಟೊಕಾಯ್ ಕಡೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ನನ್ನ ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅವರೂ ಕುಡಿಯುವವರಲ್ಲ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ, ಹೋಗಿ. ಆದರೆ ಬುಡಾಪೆಸ್ಟ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಅನ್ನುವ ಟೂರ್ ಮಾತ್ರ ಬೇಡ. ಹೋಗಿ ಬರುವುದರಲ್ಲೇ ಐದಾರು ಗಂಟೆ ಹೋಗುತ್ತದೆ, ಉಳಿದ ಹೊತ್ತು ಒಂದು ನೆಲಮಾಳಿಗೆಯಲ್ಲಿ ಗ್ಲಾಸ್ ಹಿಡಿದು ನಿಲ್ಲಿಸುತ್ತಾರೆ, ನಿಮ್ಮ ಅಮ್ಮ ಹೇಳಿದ್ದೇ ನಿಜವಾಗುತ್ತದೆ.

ಮೊದಲು ಒಂದು ವಿಷಯ. ಟೊಕಾಯ್ ಒಂದು ಊರಿನ ಹೆಸರು, ಜೊತೆಗೆ ಸುತ್ತಲಿನ ಇಡೀ ಸೀಮೆಯ ಹೆಸರು ಕೂಡ. ಸೀಮೆಗೆ ಟೊಕಾಯ್-ಹೆಗ್ಯಾಲ್ಯಾ ಅನ್ನುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಊರುಗಳಿವೆ. ಇಲ್ಲಿಯ ಗಡಿಯನ್ನು 1737ರಲ್ಲೇ ರಾಜಾಜ್ಞೆಯಿಂದ ಗುರುತಿಸಿದರು, ಈ ಗೆರೆಯ ಒಳಗೆ ಬೆಳೆದದ್ದು ಮಾತ್ರ ಟೊಕಾಯ್ ಅಂತ. ಜಗತ್ತಿನಲ್ಲಿ ಹೀಗೆ ಗೆರೆ ಎಳೆದ ಮೊದಲ ಕೆಲವು ವೈನ್ ಸೀಮೆಗಳಲ್ಲಿ ಇದೂ ಒಂದು. 2002ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅವರ ರಾಷ್ಟ್ರಗೀತೆಯಲ್ಲೇ ಟೊಕಾಯ್ ದ್ರಾಕ್ಷಿಯ ಮಾತಿದೆ ಕಣ್ರೀ. ಅಮ್ಮನಿಗೆ ಇದನ್ನು ಹೇಳಿ, ಹೆಂಡದ ಅಂಗಡಿಗೆ ರಾಷ್ಟ್ರಗೀತೆಯಲ್ಲಿ ಜಾಗ ಕೊಡುತ್ತಾರಾ ಅಂತ.

ನನ್ನ ಸಲಹೆ: ಟೊಕಾಯ್ ಊರಿನಲ್ಲಿ ಒಂದು ರಾತ್ರಿ, ಮಾಡ್ ಅನ್ನುವ ಹಳ್ಳಿಯಲ್ಲಿ ಎರಡು ರಾತ್ರಿ. ಹೌದು, ಊರಿನ ಹೆಸರೇ ಮಾಡ್. ನನ್ನಪ್ಪ ಬೋರ್ಡ್ ನೋಡಿ "ಏನು ಮಾಡಬೇಕಂತೆ?" ಅಂದಿದ್ದರು, ಮೂರು ದಿನ ಅದೇ ಜೋಕು.

ವಿಯೆನ್ನಾದಿಂದ ಟ್ರೇನಿನಲ್ಲಿ ಬುಡಾಪೆಸ್ಟ್ ಕೆಲೆಟಿ ಸ್ಟೇಷನ್‌ಗೆ ಎರಡೂಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಟೊಕಾಯ್ ಕಡೆಯ ಟ್ರೇನುಗಳೂ ಸಾಮಾನ್ಯವಾಗಿ ಕೆಲೆಟಿಯಿಂದಲೇ ಹೊರಡುತ್ತವೆ, ಅಲ್ಲಿಂದ ಇನ್ನೂ ಎರಡೂವರೆ ಗಂಟೆಗೂ ಸ್ವಲ್ಪ ಮೇಲೆ. ಕೊನೆಯ ಅರ್ಧ ಗಂಟೆ ಕಿಟಕಿ ಪಕ್ಕ ಕೂರಿ. ಅಲ್ಲಿಯವರೆಗೂ ನಮ್ಮ ಬಯಲುಸೀಮೆ ಹಾಗೆ ಚಪ್ಪಟೆ ನೆಲ, ಆಮೇಲೆ ಇದ್ದಕ್ಕಿದ್ದಂತೆ ಒಂದು ಒಂಟಿ ಬೆಟ್ಟ ಎದುರಿಗೆ ನಿಲ್ಲುತ್ತದೆ, ನೆತ್ತಿಯ ಮೇಲೆ ಟಿವಿ ಟವರ್. ಅದೇ ಕೋಪಾಸ್ ಬೆಟ್ಟ. ಕೋಪಾಸ್ ಅಂದರೆ ಬೋಳು. ಹಳೆಯ ಜ್ವಾಲಾಮುಖಿ ಅದು, ಮೈಮೇಲೆ ಗಾಳಿ ತಂದು ಸುರಿದ ಹಳದಿ ಮಣ್ಣು. ಅದರ ಬುಡದಲ್ಲೇ ಊರು. ಊರಿನ ಸೇತುವೆ ಹತ್ತಿರ ಬೊಡ್ರೋಗ್ ಹೊಳೆ ಬಂದು ಟಿಸಾ ನದಿಗೆ ಸೇರುತ್ತದೆ. ಅಮ್ಮನಿಗೆ ಸಂಗಮ ಅಂತ ಹೇಳಿದರೆ ಸಾಕು, ಅರ್ಧ ಗಂಟೆ ಅಲ್ಲೇ ನಿಲ್ಲುತ್ತಾರೆ. ಸೀಸನ್ ಇದ್ದರೆ ದೋಣಿ ಸವಾರಿಯೂ ಇರುತ್ತದೆ.

ಕುಡಿಯದವರಿಗೆ ಏನಿದೆ ಅಂದರೆ, ನಾನು ಮೊದಲು ಹೇಳುವುದು ಶಾರೋಶ್‌ಪಟಾಕ್. ಬೊಡ್ರೋಗ್ ದಂಡೆಯಲ್ಲಿ ರಾಕೋಟ್ಸಿ ಮನೆತನದ ಕೋಟೆ ಇದೆ. ಕೈಯಲ್ಲಿ 500 ಫೋರಿಂಟ್ ನೋಟು ಇದ್ದರೆ ತೆಗೆದು ನೋಡಿ, ಮುಂದೆ ಎರಡನೇ ಫೆರೆಂಟ್ಸ್ ರಾಕೋಟ್ಸಿ, ಹಿಂದೆ ಇದೇ ಕೋಟೆ. ನೋಟು ಹಿಡಿದು ಕೋಟೆಯ ಎದುರು ಫೋಟೋ ತೆಗೆಸಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ, ನೀವೂ ಮಾಡಿ. ಮೇಷ್ಟ್ರಿಗಾಗಿ ಇನ್ನೊಂದಿದೆ. ಅದೇ ಊರಿನಲ್ಲಿ 1531ರಲ್ಲಿ ಶುರುವಾದ ರಿಫಾರ್ಮ್ಡ್ ಕಾಲೇಜು ಇದೆ. ಮಕ್ಕಳಿಗೆ ಚಿತ್ರ ತೋರಿಸಿ ಪಾಠ ಹೇಳಬೇಕು ಅಂತ ಹೋರಾಡಿದ ಕೊಮೇನಿಯಸ್ 1650ರಿಂದ ನಾಲ್ಕು ವರ್ಷ ಅಲ್ಲೇ ಪಾಠ ಮಾಡಿದ್ದು. ಕಾಲೇಜಿನ ಹಳೆಯ ಲೈಬ್ರರಿ ನೋಡಲು ಬಿಡುತ್ತಾರೆ, ಗೈಡ್ ಜೊತೆ ಹೋಗಬೇಕು. ಅಪ್ಪನಿಗೆ ಇದಕ್ಕಿಂತ ಇನ್ನೇನು ಬೇಕು.

ಮಾಡ್‌ನಿಂದ ಶಾರೋಶ್‌ಪಟಾಕ್‌ಗೆ ನೇರ ಟ್ರೇನು ಮಾರ್ಗ ಇದೆ. ಟೊಕಾಯ್ ಊರು ಮಾತ್ರ ಬೇರೆ ಮಾರ್ಗದಲ್ಲಿದೆ, ಅಲ್ಲಿಂದ ಮಾಡ್‌ಗೆ ಬರಬೇಕಾದರೆ ಸೆರೆಂಚ್ ಕಡೆಗೆ ಬಂದು ಬದಲಾಯಿಸಬೇಕು. ಅದಕ್ಕೇ ಎರಡು ರಾತ್ರಿ ಮಾಡ್‌ನಲ್ಲಿ ಅಂದದ್ದು.

ಕೋಟೆ_ಕೊತ್ತಲ

ನಾನು ಒಪ್ಪುವುದಿಲ್ಲ. ವಯಸ್ಸಾದವರಿದ್ದರೆ ಎಗರ್‌ಗೇ ಹೋಗಿ. ಬುಡಾಪೆಸ್ಟ್‌ನಿಂದ ಎರಡೇ ಗಂಟೆ. ಊರ ನಡುವೆಯೇ ಕೋಟೆ ಇದೆ. 1552ರಲ್ಲಿ ಇಶ್ಟ್ವಾನ್ ದೋಬೋ ಅನ್ನುವವನು ಎರಡು ಸಾವಿರದಷ್ಟು ಜನರನ್ನು ಇಟ್ಟುಕೊಂಡು ದೊಡ್ಡ ತುರ್ಕ ಸೈನ್ಯವನ್ನು ತಡೆದ ಜಾಗ ಅದು. ಹೆಂಗಸರು ಕೋಟೆ ಗೋಡೆಯ ಮೇಲಿಂದ ಕುದಿಯುವ ಟಾರು ಸುರಿದರು ಅಂತ ಹೇಳುತ್ತಾರೆ. ಒನಕೆ ಓಬವ್ವನ ಕಥೆ ಗೊತ್ತಿರುವ ಯಾರಿಗೂ ಎಗರ್ ಕೋಟೆ ಬೋರ್ ಆಗುವುದಿಲ್ಲ. ಆಮೇಲೆ ತುರ್ಕರು ಬಂದೇ ಬಂದರು, 1596ರಲ್ಲಿ ಕೋಟೆ ಬಿತ್ತು. ಅವರ ಕಾಲದ ಮಿನಾರು ಇನ್ನೂ ಊರ ಮಧ್ಯೆ ಒಂಟಿಯಾಗಿ ನಿಂತಿದೆ, ಪಕ್ಕದಲ್ಲಿ ಮಸೀದಿ ಇಲ್ಲ. ಹತ್ತಿರದ ಎಗರ್‌ಸಲೋಕ್‌ನಲ್ಲಿ ಬಿಸಿನೀರಿನ ಬುಗ್ಗೆ, ಬೆಳ್ಳಗಿನ ಉಪ್ಪಿನ ದಿಬ್ಬ, ಸ್ನಾನದ ಕೊಳ. ಮಂಡಿ ನೋವಿಗೆ ಬೇರೆ ಏನು ಬೇಕು?

ವೈನ್ ಬೇಕೆನ್ನುವವರಿಗೆ ಬಿಕಾವೇರ್ ಇದೆ, ಹಾಗಂದರೆ ಗೂಳಿಯ ರಕ್ತ. (ಅಮ್ಮನಿಗೆ ಈ ಅರ್ಥ ಹೇಳಬೇಡಿ.)

ದಂಡೆ_ಮೇಲಿನವನು

ಎಗರ್ ಚೆನ್ನಾಗಿದೆ, ಇಲ್ಲ ಅನ್ನಲಿಲ್ಲ. ಆದರೆ ಅಲ್ಲಿಯ ಸುಂದರಿಯ ಕಣಿವೆಯಲ್ಲಿ ಸಾಲಾಗಿ ನೆಲಮಾಳಿಗೆಗಳು, ಬಾಗಿಲಲ್ಲಿ ನಿಂತು ಕರೆಯುವವರು, ಸಂಜೆ ಆದರೆ ಹಾಡು-ಗಲಾಟೆ. ಇವರ ಅಮ್ಮ ಹೇಳಿದ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಅದೇ ಹತ್ತಿರ ಸ್ವಾಮಿ. ಟೊಕಾಯ್ ಸೀಮೆ ಸಂಜೆ ಏಳಕ್ಕೆ ಮಲಗುತ್ತದೆ. ನಾಯಿ ಬೊಗಳಿದರೆ ಅದೇ ಮನರಂಜನೆ.

ತಿಕೋಟಾ_ದ್ರಾಕ್ಷಿ

ನಮ್ಮದು ವಿಜಯಪುರ ಜಿಲ್ಲೆ, ಮನೆಯಲ್ಲಿ ದ್ರಾಕ್ಷಿ ತೋಟ ಇದೆ. ನಾನು ಜರ್ಮನಿಯಲ್ಲಿ ಓದುವಾಗ ಅಕ್ಟೋಬರ್ ಕೊನೆಗೆ ಟೊಕಾಯ್‌ಗೆ ಹೋಗಿದ್ದೆ, ವೈನ್‌ಗಾಗಿ ಅಲ್ಲ, ತೋಟ ನೋಡಲಿಕ್ಕೆ. ಸಾಗರದ ಅಕ್ಕಾವ್ರೇ, ನಿಮ್ಮ ತಾಯಿಯವರನ್ನು ಸೀದಾ ತೋಟಕ್ಕೆ ಕರೆದುಕೊಂಡು ಹೋಗ್ರಿ, ನೆಲಮಾಳಿಗೆ ಆಮೇಲೆ. ಕೃಷಿ ಕಂಡ ಮನೆಯವರಾದರೆ ಅಲ್ಲಿ ನಡೆಯುವುದು ನೋಡಿ ಬಾಯಿ ಮೇಲೆ ಕೈ ಇಡುತ್ತಾರೆ.

ಯಾಕೆ ಹೇಳುತ್ತೇನೆ ಕೇಳಿ. ನಮ್ಮ ಕಡೆ ಅಕ್ಟೋಬರ್ ಅಂದರೆ ಚಾಟ್ನಿ ಮಾಡುವ, ಅಂದರೆ ಬಳ್ಳಿ ಕತ್ತರಿಸುವ ಕಾಲ. ಹೊಸ ಚಿಗುರು ಬರುವ ಹೊತ್ತಿಗೆ ಮೋಡ ಮುಸುಕಿ ಮಂಜು ಬಿದ್ದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ದಾವಣಿ ರೋಗ ಬಂತಾ, ಬೂದಿ ರೋಗ ಬಂತಾ ಅಂತ ಬೆಳಿಗ್ಗೆ ಐದಕ್ಕೆ ಎದ್ದು ಎಲೆ ತಿರುಗಿಸಿ ನೋಡುವುದು, ಟ್ರ್ಯಾಕ್ಟರ್ ಕಟ್ಟಿ ಔಷಧ ಹೊಡೆಯುವುದು. ಇಂಥ ಮನೆಯಿಂದ ಹೋದವನು ನಾನು. ಅಲ್ಲಿ ಹೋದರೆ ಬೆಳಿಗ್ಗೆ ಎಂಟಕ್ಕೆ ಹೊಳೆ ಕಡೆಯಿಂದ ಮಂಜು ಎದ್ದು ತೋಟ ಪೂರ್ತಿ ಮುಚ್ಚಿದೆ, ಹತ್ತು ಹೆಜ್ಜೆ ಆಚೆ ಬಳ್ಳಿ ಕಾಣುವುದಿಲ್ಲ, ತೋಟದ ಯಜಮಾನ ಮಾತ್ರ ಜೇಬಿನಲ್ಲಿ ಕೈ ಇಟ್ಟುಕೊಂಡು ನಗುತ್ತಾ ನಿಂತಿದ್ದಾನೆ. ಅವನಿಗೆ ಬೂಷ್ಟು ಬೇಕು. ಬೂಷ್ಟಿಗಾಗಿ ಕಾಯುತ್ತಿದ್ದಾನೆ!

ಅದರ ಕೆಲಸ ಹೀಗೆ. ಆ ಬೂಷ್ಟಿನ ಹೆಸರು ಬೊಟ್ರೈಟಿಸ್. ಬೆಳಗಿನ ಮಂಜಿನ ತೇವಕ್ಕೆ ಹಣ್ಣಾದ ದ್ರಾಕ್ಷಿಯ ಸಿಪ್ಪೆಯಲ್ಲಿ ಸಣ್ಣ ಸಣ್ಣ ತೂತು ಮಾಡುತ್ತದೆ. ಮಧ್ಯಾಹ್ನ ಬಿಸಿಲು ಬಂದಾಗ ಆ ತೂತುಗಳಿಂದ ನೀರು ಆರಿ ಹೋಗುತ್ತದೆ, ಸಕ್ಕರೆ, ಹುಳಿ ಒಳಗೇ ಗಟ್ಟಿಯಾಗುತ್ತವೆ. ಮಂಜು, ಬಿಸಿಲು ಎರಡೂ ಬೇಕು. ಬರೀ ಮಳೆ ಹಿಡಿದರೆ ಅದೇ ಬೂಷ್ಟು ಇಡೀ ಗೊಂಚಲನ್ನು ಕೊಳೆಸಿಬಿಡುತ್ತದೆ, ಆ ವರ್ಷ ಕಥೆ ಮುಗಿಯಿತು. ಅದಕ್ಕೇ ಎಲ್ಲ ವರ್ಷವೂ ಒಂದೇ ಥರ ಬರುವುದಿಲ್ಲ.

ನಾವು ಒಣದ್ರಾಕ್ಷಿ ಮಾಡಲು ಹಣ್ಣು ಕೊಯ್ದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆ ಮೇಲೆ ಹರಡಿ ಎರಡು ವಾರ ಕಾಯುತ್ತೇವೆ. ಅವರ ಒಣದ್ರಾಕ್ಷಿ ಬಳ್ಳಿಯ ಮೇಲೇ ಆಗುತ್ತದೆ. ಆದರೆ ಒಂದು ಗೊಂಚಲಿನಲ್ಲಿ ನಾಲ್ಕು ಕಾಳು ಇವತ್ತು ತಯಾರಾದರೆ ಉಳಿದದ್ದು ಮುಂದಿನ ವಾರ. ಹಾಗಾಗಿ ಗೊಂಚಲು ಕೊಯ್ಯುವುದಿಲ್ಲ, ಕಾಳು ಕಾಳಾಗಿ ಆರಿಸುತ್ತಾರೆ. ಅದೇ ಸಾಲಿಗೆ ಮತ್ತೆ ಮತ್ತೆ ಬರುತ್ತಾರೆ. ಒಬ್ಬ ಹೆಣ್ಣುಮಗಳು ಇಡೀ ದಿನ ಬಗ್ಗಿ ಆರಿಸಿದರೂ ಹತ್ತು ಕೆಜಿ ಸಿಕ್ಕರೆ ದೊಡ್ಡದು. ಈ ಸುಕ್ಕುಗಟ್ಟಿದ ಕಾಳಿಗೇ ಅಸೂ ಅನ್ನುವುದು. ನೋಡಲು ಥೇಟ್ ಇಲಿ ಹಿಕ್ಕೆ, ಕ್ಷಮಿಸಿ, ಆದರೆ ಹಾಗೇ ಇರುತ್ತದೆ, ಬೂದಿ ಮೆತ್ತಿದ ಕಂದು ಬಣ್ಣ.

ಈ ಕಾಳನ್ನು ರುಬ್ಬಿದ ಹಾಗೆ ಮಾಡಿ ಹೊಸ ವೈನಿನಲ್ಲೋ ರಸದಲ್ಲೋ ನೆನೆಹಾಕುತ್ತಾರೆ. ಹಳೆಯ ಅಳತೆ ಬುಟ್ಟಿ ಲೆಕ್ಕ. ಒಂದು ಬುಟ್ಟಿಗೆ ಸುಮಾರು 25 ಕೆಜಿ, ಅದಕ್ಕೆ ಪುತ್ತೋನ್ಯ್ ಅನ್ನುತ್ತಾರೆ. 136 ಲೀಟರಿನ ಪೀಪಾಯಿಗೆ ಎಷ್ಟು ಬುಟ್ಟಿ ಸುರಿದರು ಅನ್ನುವುದೇ ಬಾಟಲಿ ಮೇಲಿನ ನಂಬರು. ಮೊದಲು 3, 4 ಎಲ್ಲ ಇತ್ತು. 2013ರ ನಿಯಮ ಬಂದ ಮೇಲೆ 5 ಮತ್ತು 6 ಮಾತ್ರ, ಅದೂ ಬುಟ್ಟಿ ಲೆಕ್ಕ ಅಲ್ಲ, ಸಕ್ಕರೆ ಲೆಕ್ಕ. ಒಂದು ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಇದ್ದರೆ 5, 150 ಇದ್ದರೆ 6.

ತಾಯಿಯವರಿಗೆ ಬಳ್ಳಿ ಮೇಲಿನ ಕಾಳು ಒಂದು ತಿನ್ನಿಸಿ ನೋಡ್ರಿ. ಅದರಲ್ಲಿ ಆಲ್ಕೋಹಾಲ್ ಇಲ್ಲ, ಹಣ್ಣೇ ಅದು. ತೋಟದವರನ್ನು ಕೇಳಿ ಮಾತ್ರ ಕೀಳಿ, ಅವರಿಗೆ ಒಂದೊಂದು ಕಾಳೂ ದುಡ್ಡು.

ಅಡುಗೆಮನೆ_ಪ್ರವಾಸಿ

ಊಟದ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನನ್ನ ಅತ್ತೆಯವರನ್ನು ಕರೆದುಕೊಂಡು ಹಂಗೇರಿ ಸುತ್ತಿ ಎಲ್ಲ ತಪ್ಪೂ ಮಾಡಿ ಆಗಿದೆ.

ಹಂಗೇರಿ ಹಳ್ಳಿಯಲ್ಲಿ ತರಕಾರಿ ಊಟ ಅಂದರೆ ಮಾಂಸದ ತುಂಡು ಕಣ್ಣಿಗೆ ಕಾಣದ ಊಟ ಅಂತ ಅರ್ಥ. ಹುರುಳಿಕಾಯಿ, ಬೀನ್ಸ್ ಕಾಳಿನ ಸೂಪ್ ಎಲ್ಲ ನೋಡಲು ಮುಗ್ಧ, ಒಳಗೆ ಹೊಗೆ ಹಾಕಿದ ಹಂದಿ. ಲೆಚೋ ಅಂತ ದೊಣ್ಣೆಮೆಣಸಿನಕಾಯಿ, ಟೊಮ್ಯಾಟೊ ಗೊಜ್ಜು ಇದೆ, ನಮ್ಮ ನಾಲಿಗೆಗೆ ಬಹಳ ಹತ್ತಿರ, ಅದಕ್ಕೂ ಸಾಸೇಜ್ ಹಾಕಿಬಿಡುತ್ತಾರೆ. ಆರ್ಡರ್ ಮಾಡುವಾಗ "ಹೂಶ್ ನೇಲ್ಕುಲ್" ಅನ್ನಿ, ಮಾಂಸ ಇಲ್ಲದೆ ಅಂತ. ಅದರ ಜೊತೆ "ಸೊಲೊನ್ನಾ ನೇಲ್ಕುಲ್" ಅಂತಲೂ ಹೇಳಿ. ಸೊಲೊನ್ನಾ ಅಂದರೆ ಹಂದಿ ಕೊಬ್ಬು, ಅದು ಅವರ ಲೆಕ್ಕದಲ್ಲಿ ಮಾಂಸ ಅಲ್ಲ, ಒಗ್ಗರಣೆ!

ನಂಬಬಹುದಾದದ್ದು: ಅಣಬೆ ಸೂಪ್ (ಆದರೂ ಒಂದು ಸಲ ಕೇಳಿ), ಕರಿದ ಚೀಸ್ (ಮೇಲಿನ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ), ಸೌತೆಕಾಯಿ ಸಲಾಡ್, ಆಲೂಗಡ್ಡೆ. ಲಾಂಗೋಶ್ ಸಿಕ್ಕರೆ ಬಿಡಬೇಡಿ. ಹುಳಿ ಬಂದ ಮೈದಾ ಹಿಟ್ಟನ್ನು ತಟ್ಟಿ ಎಣ್ಣೆಯಲ್ಲಿ ಕರಿದು ಮೇಲೆ ಬೆಳ್ಳುಳ್ಳಿ ನೀರು ಸವರುತ್ತಾರೆ, ಮೊಸರಿನಂಥ ಹುಳಿ ಕೆನೆ, ಚೀಸ್ ಹಾಕುತ್ತಾರೆ. ಭಟೂರದ ಅಣ್ಣ ಅನ್ನಬಹುದು. ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿ ತಿನ್ನಿ.

ಇನ್ನು ಗಸಗಸೆ. ಗಸಗಸೆಯನ್ನು ನಮ್ಮಷ್ಟೇ ಪ್ರೀತಿಯಿಂದ ತಿನ್ನುವ ಜನ ಯುರೋಪಿನಲ್ಲಿ ಇವರು. ಮಾಕೋಶ್ ಅಂತ ಯಾವ ಹೆಸರಲ್ಲಿ ಕಂಡರೂ ಅದು ಗಸಗಸೆ ಹಾಕಿದ್ದು. ಬೇಕರಿಯಲ್ಲಿ ಗಸಗಸೆ ತುಂಬಿದ ರೋಲ್ ಸಿಗುತ್ತದೆ. ನನ್ನ ಅತ್ತೆ ಅದನ್ನು ತಿಂದು "ಪಾಯಸವನ್ನೇ ಸುತ್ತಿಟ್ಟಿದ್ದಾರೆ" ಅಂದರು. ಕೆಂಪು ಪುಡಿ ನೋಡಿ ಹೆದರಬೇಡಿ, ಅವರ ಪಾಪ್ರಿಕಾ ನಮ್ಮ ಬ್ಯಾಡಗಿ ಥರ, ಬಣ್ಣ ಜಾಸ್ತಿ ಖಾರ ಕಡಿಮೆ.

ಆದರೂ ಒಂದು ಸಣ್ಣ ಕುಕ್ಕರ್, ಅಕ್ಕಿ, ಉಪ್ಪಿನಕಾಯಿ ಬ್ಯಾಗಿನಲ್ಲಿರಲಿ. ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ಮಾಡ್‌ನಂಥ ಊರಿನಲ್ಲಿ ಸೋಮವಾರ ಹೋಟೆಲ್ ಬಾಗಿಲು ಹಾಕಿದರೆ ಇಡೀ ಊರೇ ಬಾಗಿಲು ಹಾಕಿದ ಹಾಗೆ.

ಬ್ಯಾಗ್_ಹೆಗಲಿಗೆ

ನಾನು ಪೆಟ್ಟು ತಿಂದ ಕಥೆ ಕೇಳಿ. ಅಕ್ಟೋಬರ್ 23ಕ್ಕೆ ಹೋದೆ, ಅದು ಅವರ ರಾಷ್ಟ್ರೀಯ ರಜೆ, 1956ರ ದಂಗೆಯ ನೆನಪಿಗೆ. ಅಂಗಡಿ ಬಂದ್. ಮುಂಗಡ ಬುಕ್ ಮಾಡದೆ ಒಂದು ನೆಲಮಾಳಿಗೆ ಬಾಗಿಲು ತಟ್ಟಿದೆ, ಯಾರೂ ಇಲ್ಲ. ಎರಡನೆಯದರಲ್ಲಿ ಒಬ್ಬರು ಬಾಗಿಲು ತೆಗೆದರು, ರಸ್ತೆ ಬದಿಯ ಸಣ್ಣ ಅಂಗಡಿ, ಪ್ಲಾಸ್ಟಿಕ್ ಬಾಟಲಿಯಲ್ಲಿ "ಅಸೂ" ಅಂತ ಏನೋ ಕೊಟ್ಟರು. ಬರೀ ಸಕ್ಕರೆ ಪಾಕ. ನಿಜವಾದ ಅಸೂ ಅರ್ಧ ಲೀಟರ್ ಬಾಟಲಿಯಲ್ಲಿ, ಲೇಬಲ್ ಸಮೇತ ಬರುತ್ತದೆ, ಅದು ಗೊತ್ತಿದ್ದರೆ ಮೋಸ ಹೋಗುತ್ತಿರಲಿಲ್ಲ. ಎರಡು ಈಮೇಲ್ ಬರೆದಿಟ್ಟು ಹೋಗಿ, ಸಣ್ಣ ಸಣ್ಣ ಮನೆತನದವರು ಖುಷಿಯಿಂದ ಸಮಯ ಕೊಡುತ್ತಾರೆ.

ಕಾರು ತಂದರೆ ಇನ್ನೊಂದು. ಆಸ್ಟ್ರಿಯಾದಲ್ಲಿ ಓಡಿಸುವವರ ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಂಗಿಂತ ಕಡಿಮೆ ಆಲ್ಕೋಹಾಲ್ ಇದ್ದರೆ ನಡೆಯುತ್ತದೆ, ಹಂಗೇರಿಯಲ್ಲಿ ಗಾಡಿ ಓಡಿಸುವವರಿಗೆ ಸೊನ್ನೆ ಅಂದರೆ ಸೊನ್ನೆ. ಒಂದು ಗುಟುಕೂ ಇಲ್ಲ. ಅಪ್ಪ ಓಡಿಸುತ್ತಾರಾದರೆ ನಿಮಗೆ ಲಾಟರಿ.

ಸಾಗರದ_ಮಗಳು

ಅಪ್ಪ ಓಡಿಸಿದ್ದು ಬಜಾಜ್ ಚೇತಕ್ ಮಾತ್ರ! ಹಾಗಾಗಿ ಟ್ರೇನ್. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಿಕೋಟಾ ಅವರೇ, ನೀವು ಬರೆದದ್ದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ಕೊಳೆರೋಗ ಬರಲಿ ಅಂತ ಕಾಯುತ್ತಾರಾ? ನಿಮ್ಮ ಅಜ್ಜ ಇದ್ದಿದ್ದರೆ ಹೊಡೆಯುತ್ತಿದ್ದರು" ಅಂದರು. ನಮ್ಮದು ಅಡಿಕೆ ತೋಟ, ಕೊಳೆ ಅಂದರೆ ನಮ್ಮ ಮನೆಯಲ್ಲಿ ಕೆಟ್ಟ ಮಾತು. ಆದರೆ ಈಗ ನೋಡಲೇಬೇಕಂತೆ.

ಮಂಡಿ ನೋವಿಗೆ ಯಾರೂ ಉತ್ತರ ಹೇಳಲಿಲ್ಲ. ನೆಲಮಾಳಿಗೆಗೆ ಇಳಿಯಲು ಆಗುತ್ತದಾ?

ದಂಡೆ_ಮೇಲಿನವನು

ಟೊಕಾಯ್ ಊರಿನ ಹಳೆಯ ನೆಲಮಾಳಿಗೆಗಳಿಗೆ ಮೆಟ್ಟಿಲು ಇಳಿಯಬೇಕು, ಕಲ್ಲು ಒದ್ದೆಯಾಗಿರುತ್ತದೆ, ಅಮ್ಮನನ್ನು ಇಳಿಸಬೇಡಿ. ಒಳಗೆ ವರ್ಷವಿಡೀ 10-12 ಡಿಗ್ರಿ, ಸ್ವೆಟರ್ ಬೇಕು. ಗೋಡೆ ತುಂಬಾ ಕಪ್ಪು ಬೂಷ್ಟು, ಮೃದುವಾಗಿ ಕಂಬಳಿ ಥರ. ಪೀಪಾಯಿಯಿಂದ ಆರುವ ಆಲ್ಕೋಹಾಲೇ ಅದಕ್ಕೆ ಊಟ. ಯಾರೂ ಅದನ್ನು ಉಜ್ಜಿ ತೊಳೆಯುವುದಿಲ್ಲ, ಅದು ಇದ್ದರೆ ನೆಲಮಾಳಿಗೆ ಆರೋಗ್ಯವಾಗಿದೆ ಅಂತ ಲೆಕ್ಕ.

ಅಮ್ಮನಿಗೆ ಹೆರ್ಟ್ಸೆಗ್‌ಕೂಟ್ ತೋರಿಸಿ. ಶಾರೋಶ್‌ಪಟಾಕ್‌ನಿಂದ ಟ್ಯಾಕ್ಸಿಯಲ್ಲಿ ಸ್ವಲ್ಪ ದೂರ. ಗುಡ್ಡದ ಮೈಯನ್ನು ಕೊರೆದು ಸಾಲು ಸಾಲಾಗಿ ನೆಲಮಾಳಿಗೆ ಮಾಡಿದ್ದಾರೆ, ಮೂಲೆ ಚೂಪಾದ ಕಲ್ಲಿನ ಮುಖ, ನಡುವೆ ಪುಟ್ಟ ಬಾಗಿಲು, ಮೇಲೆ ಹುಲ್ಲು. 18ನೇ ಶತಮಾನದಲ್ಲಿ ಬಂದ ಜರ್ಮನ್ ಕುಟುಂಬಗಳ ಊರು ಅದು. ಮೆಟ್ಟಿಲಿಲ್ಲದೆ ರಸ್ತೆಯಿಂದಲೇ ಎಲ್ಲ ಕಾಣುತ್ತದೆ.

ಮತ್ತೆ ಮಾಡ್‌ನಲ್ಲಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ನೋಡಿ. 1795ರದು, ಹಳದಿ-ಬಿಳಿ, ಒಳಗೆ ಚಾವಣಿಯ ಬಣ್ಣ ನೋಡುತ್ತಾ ಕುತ್ತಿಗೆ ನೋಯುತ್ತದೆ. ಈ ಸೀಮೆಯ ವೈನ್ ವ್ಯಾಪಾರವನ್ನು ಪೋಲೆಂಡ್‌ವರೆಗೂ ನಡೆಸಿದವರಲ್ಲಿ ಯಹೂದಿ ವರ್ತಕರು ಮುಖ್ಯ. 1944ರಲ್ಲಿ ಇಲ್ಲಿಯ ಯಹೂದಿಗಳನ್ನು ನಾಜಿಗಳ ಸಾವಿನ ಶಿಬಿರ ಆಶ್ವಿತ್ಸ್‌ಗೆ ಸಾಗಿಸಿದರು. ಕಟ್ಟಡವನ್ನು ಚೆನ್ನಾಗಿ ದುರಸ್ತಿ ಮಾಡಿದ್ದಾರೆ, ಅದನ್ನು ತುಂಬಬೇಕಾದ ಜನ ಊರಿನಲ್ಲಿ ಇಲ್ಲ. ನನಗೆ ಇಡೀ ಪ್ರವಾಸದಲ್ಲಿ ಮನಸ್ಸಿಗೆ ಹತ್ತಿದ್ದು ಅದು.

ಅದೇ ಟ್ರೇನು ಮಾರ್ಗದಲ್ಲಿ ಬೊಡ್ರೋಗ್‌ಕೆರೆಸ್ತೂರ್ ಬರುತ್ತದೆ. 1925ರಲ್ಲಿ ತೀರಿಕೊಂಡ ಒಬ್ಬ ರಬ್ಬಿಯ (ಯಹೂದಿ ಧರ್ಮಗುರು) ಸಮಾಧಿ ಅಲ್ಲಿದೆ. ಬಾಗಿಲಿಗೆ ಬಂದವರಿಗೆಲ್ಲ ಊಟ ಹಾಕುತ್ತಿದ್ದರಂತೆ, ನಮ್ಮ ಮಠಗಳ ದಾಸೋಹ ನೆನಪಾಗುತ್ತದೆ. ಈಗಲೂ ಅಮೆರಿಕ, ಇಸ್ರೇಲ್‌ನಿಂದ ಜನ ಬರುತ್ತಾರೆ. ಅವರ ಫೋಟೋ ಮನೆಯಲ್ಲಿಟ್ಟರೆ ಇಲಿ ಬರುವುದಿಲ್ಲ ಅನ್ನುವ ನಂಬಿಕೆಯೂ ಇದೆ.

ಸಾಗರದ_ಮಗಳು

ಹೋಗಿ ಬಂದೆವು. ಯಾರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ದಿನ ಟೊಕಾಯ್‌ನಲ್ಲಿ ಮಳೆ, ಏನೂ ಕಾಣಲಿಲ್ಲ, ಕಾಫಿ ಕುಡಿದು ಮಲಗಿದೆವು. ಎರಡನೇ ದಿನ ಮಾಡ್‌ಗೆ ಬಂದೆವು, ಮಂಜು. ಈಮೇಲ್ ಬರೆದಿಟ್ಟಿದ್ದ ಮನೆಯವರು ನಮ್ಮನ್ನು ತೋಟಕ್ಕೇ ಕರೆದುಕೊಂಡು ಹೋದರು. ಐದಾರು ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಕಾಳು ಆರಿಸುತ್ತಿದ್ದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಒಬ್ಬ ವಯಸ್ಸಾದವರ ಪಕ್ಕ ಹೋಗಿ ನಿಂತು ಕನ್ನಡದಲ್ಲೇ "ಸೊಂಟ ನೋಯುವುದಿಲ್ವಾ?" ಅಂತ ಕೇಳಿದರು, ಕೈ ಸೊಂಟದ ಮೇಲಿಟ್ಟು. ಅವರು ಹಂಗೇರಿಯನ್‌ನಲ್ಲೇ ಏನೋ ಉದ್ದ ಹೇಳಿದರು, ಸೊಂಟ ಹಿಡಿದುಕೊಂಡು. ಇಬ್ಬರೂ ನಕ್ಕರು. ಅವರೇ ಬುಟ್ಟಿಯಿಂದ ಒಂದು ಕಾಳು ಎತ್ತಿ ಅಮ್ಮನ ಅಂಗೈಗೆ ಹಾಕಿದರು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸೆರಗಿಗೆ ಒರೆಸಿ, ಬಾಯಿಗೆ ಹಾಕಿಕೊಂಡರು. "ಒಣದ್ರಾಕ್ಷಿ ಅಲ್ಲ ಕಣೇ. ಜೇನಲ್ಲಿ ನಿಂಬೆಹಣ್ಣು ಹಿಂಡಿದ ಹಾಗಿದೆ."

ಸಂಜೆ ಗಂಡ ಎಸೆನ್ಸಿಯಾ ರುಚಿ ನೋಡಿದರು. ಕಾಳಿನ ರಾಶಿಯಿಂದ ಒತ್ತದೇ ತಾನಾಗಿ ಇಳಿದ ರಸ ಅದು, ಲೀಟರಿಗೆ 450 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರಲೇಬೇಕಂತೆ. ಗ್ಲಾಸಿನಲ್ಲಿ ಅಲ್ಲ, ಚಮಚದಲ್ಲಿ ಕೊಟ್ಟರು. ಚಮಚ ಓರೆ ಮಾಡಿದರೂ ಬೀಳಲು ಮನಸ್ಸಿಲ್ಲದ ಹಾಗೆ ಇಳಿಯುತ್ತದೆ. ಅಮ್ಮ ದೂರದಿಂದಲೇ "ಜೋನಿಬೆಲ್ಲ" ಅಂತ ತೀರ್ಪು ಕೊಟ್ಟರು. ನನಗೆ ಮಾತ್ರ ಅಲ್ಲಿಯ ಫುರ್ಮಿಂಟ್ ದ್ರಾಕ್ಷಿಯ ಸಿಹಿ ಇಲ್ಲದ ವೈನ್ ಜಾಸ್ತಿ ಹಿಡಿಸಿತು, ಯಾಕೆ ಎಲ್ಲರೂ ಬರೀ ಸಿಹಿಯ ಬಗ್ಗೆ ಹೇಳುತ್ತಾರೋ ಗೊತ್ತಿಲ್ಲ.

ಶಾರೋಶ್‌ಪಟಾಕ್ ಲೈಬ್ರರಿಯ ಬಾಗಿಲಲ್ಲಿ ಅಪ್ಪ ನಿಂತುಬಿಟ್ಟರು. ಚಪ್ಪಲಿ ಬಿಚ್ಚಬೇಕಾ ಅಂತ ನನ್ನನ್ನು ಮೆಲ್ಲಗೆ ಕೇಳಿದರು. ಬೇಡ ಅಂದರೂ ಅವರ ನಡಿಗೆ ಬದಲಾಗಿತ್ತು, ದೇವಸ್ಥಾನದಲ್ಲಿ ನಡೆಯುವ ಹಾಗೆ. ಕೊಮೇನಿಯಸ್ ಹೆಸರು ಅವರಿಗೆ ಬಿ.ಎಡ್.ನಲ್ಲಿ ಓದಿದ್ದು ನೆನಪಿತ್ತಂತೆ. ಗೈಡ್ ಹುಡುಗಿಗೆ ಇಂಗ್ಲಿಷ್‌ನಲ್ಲಿ ಹತ್ತು ನಿಮಿಷ ಪಾಠ ಮಾಡಿದರು, ಪಾಪ ಅವಳು ತಲೆ ಆಡಿಸುತ್ತಾ ನಿಂತಿದ್ದಳು. ಕೋಟೆ ಎದುರು ನೋಟು ಹಿಡಿದ ಫೋಟೋ ಆಯಿತು. ಹೆರ್ಟ್ಸೆಗ್‌ಕೂಟ್‌ಗೆ ಸಮಯ ಸಾಕಾಗಲಿಲ್ಲ. ಊಟ: ಎರಡು ಹೊತ್ತು ಲಾಂಗೋಶ್, ಉಳಿದದ್ದು ಕುಕ್ಕರ್. ಗಸಗಸೆ ರೋಲ್ ಆರು ಖಾಲಿ, ಮೊಟ್ಟೆ ಇದೆಯಾ ಅಂತ ಯಾರೂ ಕೇಳಲಿಲ್ಲ.

ಹೊರಡುವಾಗ ತೋಟದ ಮನೆಯವರು ಅಮ್ಮನಿಗೆ ಒಂದು ಹಿಡಿ ಅಸೂ ಕಾಳು ಕೊಟ್ಟರು. ಅಮ್ಮ ಅದನ್ನು ಉಪ್ಪಿನಕಾಯಿಯ ಖಾಲಿ ಡಬ್ಬಿ ತೊಳೆದು ತುಂಬಿಕೊಂಡರು, ಸಾಗರಕ್ಕೆ ಒಯ್ದು ಚಿಕ್ಕಮ್ಮನಿಗೆ ತೋರಿಸಬೇಕು ಅಂತ. ಮನೆಗೆ ಬಂದು ಹೀಟರ್ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದರು. ನಾಲ್ಕನೇ ದಿನ ಮುಚ್ಚಳ ತೆಗೆದರೆ ಪುಸ್ ಅಂತ ಸದ್ದು, ಘಮ್ ಅಂತ ವಾಸನೆ. ಅಮ್ಮ ಮೂಗಿನ ಹತ್ತಿರ ಹಿಡಿದು, "ಅಯ್ಯೋ, ಇದು ಹೆಂಡ ಆಗಿಬಿಟ್ಟಿದೆ" ಅಂದು ಡಬ್ಬಿಯನ್ನು ಅಳಿಯನ ಕೈಗೆ ಕೊಟ್ಟರು.